ರೂಟರ್‌ನ ಪಟ್ಟಿಯಲ್ಲಿ ಅಪರಿಚಿತ ಸಾಧನ: ಹೆಸರು ಮರೆಮಾಡಿ, ವಿಳಾಸ ತಡೆದರೆ ಸಾಕೇ?

ಮನೆಜಾಲ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕಳೆದ ವಾರ ನಮ್ಮ ಮನೆಯ ವೈ-ಫೈ ಜಾಲದ ಹೆಸರನ್ನು ಬದಲಾಯಿಸಿದೆ. ಮೊನ್ನೆ ರಾತ್ರಿ ರೂಟರ್‌ನ ಪುಟವನ್ನು ತೆರೆದು ನೋಡಿದಾಗ ಸಂಪರ್ಕದಲ್ಲಿದ್ದ ಸಾಧನಗಳ ಪಟ್ಟಿಯಲ್ಲಿ ಐದು ಕಾಣಿಸಿದವು. ನಾಲ್ಕನ್ನು ಹೆಸರಿನಿಂದಲೇ ಗುರುತಿಸಿದೆ. ಐದನೆಯದಕ್ಕೆ ಹೆಸರಿರಲಿಲ್ಲ, ಅದರ ಮ್ಯಾಕ್ ವಿಳಾಸವೂ (ಜಾಲದಲ್ಲಿ ಪ್ರತಿ ಸಾಧನವನ್ನು ಗುರುತಿಸುವ ಸಂಖ್ಯೆ) ನಾನು ಹಿಂದೆ ಬರೆದಿಟ್ಟುಕೊಂಡಿದ್ದ ಯಾವ ವಿಳಾಸಕ್ಕೂ ತಾಳೆಯಾಗಲಿಲ್ಲ. ಯಾರೋ ಹೊರಗಿನವರು ಒಳನುಗ್ಗಿದ್ದಾರೆಂದು ಭಾವಿಸಿ ಕೂಡಲೇ ಎರಡು ಕೆಲಸ ಮಾಡಿದೆ: ಜಾಲದ ಹೆಸರು ಸುತ್ತಲಿನವರಿಗೆ ಕಾಣದಂತೆ ಮರೆಮಾಡಿದೆ, ಮತ್ತು ಆ ವಿಳಾಸವನ್ನು ತಡೆಪಟ್ಟಿಗೆ ಸೇರಿಸಿದೆ.

ನಾನು ಮನೆಯಿಂದಲೇ ಇತರರ ಲೆಕ್ಕಪತ್ರಗಳನ್ನು ನೋಡಿಕೊಳ್ಳುವವನು. ಅವರ ಕಡತಗಳು ಇದೇ ಜಾಲದ ಮೂಲಕ ಓಡಾಡುವುದರಿಂದ ಈ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಲಾರೆ. ನಾನು ಮಾಡಿದ್ದು ಸಾಕೇ, ಇನ್ನೇನಾದರೂ ಮಾಡಬೇಕೇ ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಜಾಲನಿರ್ವಾಹಕ

ನೀವು ಎಚ್ಚರ ವಹಿಸಿದ್ದು ಸರಿ. ಆದರೆ ನೀವು ಮಾಡಿದ ಎರಡೂ ಕೆಲಸಗಳಿಂದ ರಕ್ಷಣೆ ಸಿಗುವುದಿಲ್ಲ ಎಂಬುದನ್ನು ನೇರವಾಗಿಯೇ ಹೇಳಬೇಕಾಗಿದೆ.

ಮೊದಲು ಹೆಸರು ಮರೆಮಾಡುವ ವಿಷಯ. ರೂಟರ್ ತನ್ನ ಹೆಸರನ್ನು ಸಾರುವುದನ್ನು ನಿಲ್ಲಿಸಿದರೂ, ನಿಮ್ಮದೇ ಫೋನ್ ಅಥವಾ ಲ್ಯಾಪ್‌ಟಾಪ್ ಸಂಪರ್ಕಕ್ಕೆ ಬರುವಾಗ ಆ ಹೆಸರನ್ನು ಬಯಲಿನಲ್ಲಿಯೇ ಉಚ್ಚರಿಸಬೇಕಾಗುತ್ತದೆ. ಹತ್ತಿರದಲ್ಲಿ ಕಿವಿಗೊಟ್ಟು ಕುಳಿತವರಿಗೆ ಅದು ಒಂದೇ ಸಲಕ್ಕೆ ತಿಳಿಯುತ್ತದೆ. ಇದಕ್ಕಿಂತ ಕೆಡುಕಿನ ಸಂಗತಿಯೆಂದರೆ, ಮರೆಯಾಗಿರುವ ಜಾಲವನ್ನು ನೆನಪಿಟ್ಟುಕೊಂಡ ಫೋನ್ ನೀವು ಹೋದಲ್ಲೆಲ್ಲ ‘ಆ ಹೆಸರಿನ ಜಾಲ ಇಲ್ಲಿದೆಯೇ’ ಎಂದು ಕೇಳುತ್ತಾ ಸಾಗುತ್ತದೆ. ಮನೆಯಲ್ಲಿ ಮುಚ್ಚಿಟ್ಟದ್ದನ್ನು ಊರೆಲ್ಲ ಹೇಳಿಕೊಂಡು ಬಂದಂತೆ ಆಗುತ್ತದೆ.

ಇನ್ನು ಮ್ಯಾಕ್ ವಿಳಾಸ. ಜಾಲದಲ್ಲಿ ಎಷ್ಟೇ ಬಲವಾದ ಗೂಢಲಿಪೀಕರಣವಿದ್ದರೂ ಗಾಳಿಯಲ್ಲಿ ಹೋಗುವ ಪ್ರತಿಯೊಂದು ಫ್ರೇಮಿನ (ಮಾಹಿತಿಯ ತುಣುಕಿನ) ತಲೆಬರಹದಲ್ಲಿ ಕಳುಹಿಸುವವರ ಮತ್ತು ಪಡೆಯುವವರ ಮ್ಯಾಕ್ ವಿಳಾಸಗಳು ಮುಚ್ಚುಮರೆಯಿಲ್ಲದೆ ಹೋಗುತ್ತವೆ. ಒಳಗೆ ಬರಲು ಅನುಮತಿಯಿರುವ ವಿಳಾಸವನ್ನು ಕೇಳಿಸಿಕೊಂಡು ಅದನ್ನೇ ತನ್ನದೆಂದು ಹಾಕಿಕೊಳ್ಳುವುದು ಒಂದು ಆದೇಶದಷ್ಟು ಸುಲಭ.

ನಿಮ್ಮ ಅಪರಿಚಿತ ಅತಿಥಿಯ ಬಗ್ಗೆ ನನಗೆ ಬೇರೆಯೇ ಅನುಮಾನವಿದೆ. ಆ ವಿಳಾಸದ ಎಡಗಡೆಯಿಂದ ಎರಡನೆಯ ಅಕ್ಷರವನ್ನು ನೋಡಿ. ಅದು 2, 6, ಎ ಅಥವಾ ಇ ಆಗಿದ್ದರೆ ಆ ವಿಳಾಸ ಕಾರ್ಖಾನೆಯಲ್ಲಿ ಕೊಟ್ಟದ್ದಲ್ಲ, ಸಾಧನವೇ ಸೃಷ್ಟಿಸಿಕೊಂಡದ್ದು ಎಂದರ್ಥ. 2019ರ ಆಂಡ್ರಾಯ್ಡ್ 10 ಮತ್ತು 2020ರ ಐಒಎಸ್ 14ರಿಂದ ಈಚೆಗೆ ಫೋನ್‌ಗಳು ತಮ್ಮ ಜಾಡು ಹಿಡಿಯುವುದನ್ನು ತಪ್ಪಿಸಲು ಒಂದೊಂದು ಜಾಲಕ್ಕೂ ಒಂದೊಂದು ಯಾದೃಚ್ಛಿಕ ವಿಳಾಸವನ್ನು ಬಳಸುತ್ತವೆ. ನೀವು ಜಾಲದ ಹೆಸರು ಬದಲಾಯಿಸಿದಾಗ ಫೋನ್‌ನ ದೃಷ್ಟಿಯಲ್ಲಿ ಅದು ಹೊಸ ಜಾಲವಾಯಿತು. ಆದ್ದರಿಂದ ಹೊಸ ವಿಳಾಸ ಹುಟ್ಟಿಕೊಂಡಿರಬಹುದು.

ಅದನ್ನು ಪರೀಕ್ಷಿಸಿ ಹೇಳಿ. ಜೊತೆಗೆ ರೂಟರ್‌ನಲ್ಲಿ ಭದ್ರತೆಯ ವಿಧಾನ ಯಾವುದು, ಡಬ್ಲ್ಯುಪಿಎಸ್ (ಪಾಸ್‌ವರ್ಡ್ ಬದಲು ಗುಂಡಿ ಒತ್ತಿ ಅಥವಾ ಪಿನ್ ಕೊಟ್ಟು ಸಾಧನ ಸೇರಿಸುವ ಸೌಲಭ್ಯ) ಚಾಲನೆಯಲ್ಲಿದೆಯೇ, ಪಾಸ್‌ವರ್ಡ್ ಯಾವ ಬಗೆಯದು (ಪಾಸ್‌ವರ್ಡನ್ನೇ ಇಲ್ಲಿ ಬರೆಯಬೇಡಿ), ಫರ್ಮ್‌ವೇರ್ (ರೂಟರ್‌ನೊಳಗಿನ ತಂತ್ರಾಂಶ) ಯಾವ ಕಾಲದ್ದು ಎಂಬುದನ್ನೂ ತಿಳಿಸಿ.

ಮನೆಜಾಲ

ತಮ್ಮ ಅನುಮಾನ ನಿಜವಾಯಿತು. ಎರಡನೆಯ ಅಕ್ಷರ ‘ಇ’. ಅದು ಅಮ್ಮನ ಹೊಸ ಫೋನ್. ನಾನು ತಡೆಪಟ್ಟಿಗೆ ಸೇರಿಸಿದಂದಿನಿಂದ ಅವರು ಮೊಬೈಲ್ ಡೇಟಾವನ್ನೇ ಬಳಸುತ್ತಿದ್ದರು. ವೈ-ಫೈ ಕೆಟ್ಟಿದೆಯೆಂದು ತಿಳಿದು ನನಗೆ ಹೇಳಿಯೂ ಇರಲಿಲ್ಲ.

ಮನಸ್ಸು ಸ್ವಲ್ಪ ಹಗುರವಾಯಿತು, ಆದರೆ ನೀವು ಕೇಳಿದ ಉಳಿದ ವಿವರಗಳನ್ನು ನೋಡಿದ ಮೇಲೆ ಬೇರೆ ಚಿಂತೆ ಹತ್ತಿದೆ. ಭದ್ರತೆಯ ವಿಧಾನ ‘ಡಬ್ಲ್ಯುಪಿಎ ಮತ್ತು ಡಬ್ಲ್ಯುಪಿಎ 2 ಮಿಶ್ರ, ಟಿಕೆಐಪಿ ಮತ್ತು ಎಇಎಸ್’ ಎಂದಿದೆ (ಕೊನೆಯ ಎರಡು ಗೂಢಲಿಪೀಕರಣದ ಬಗೆಗಳಂತೆ). ಡಬ್ಲ್ಯುಪಿಎಸ್ ಚಾಲನೆಯಲ್ಲಿದೆ. ಪಾಸ್‌ವರ್ಡ್ ಎಂಟು ಅಂಕಿಗಳ ಒಂದು ದಿನಾಂಕ. ಫರ್ಮ್‌ವೇರ್‌ಗೆ ನಾಲ್ಕು ವರ್ಷ ತುಂಬಿದೆ.

ಸಂಕೇತಾಭ್ಯಾಸಿ

ಹಾಗಾದರೆ ಮೊದಲು ಬದಲಾಯಿಸಬೇಕಾದದ್ದು ಆ ಪಾಸ್‌ವರ್ಡ್. ಕಾರಣವನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಏಕೆಂದರೆ ಕಾರಣ ತಿಳಿಯದೆ ಬದಲಾಯಿಸಿದವರು ಮತ್ತೆ ಇನ್ನೊಂದು ದಿನಾಂಕಕ್ಕೇ ಮರಳುವುದನ್ನು ಬಹಳ ಸಲ ಕಂಡಿದ್ದೇನೆ.

ಡಬ್ಲ್ಯುಪಿಎ 2ರಲ್ಲಿ ಪಾಸ್‌ವರ್ಡ್ ಗಾಳಿಯಲ್ಲಿ ಹೋಗುವುದೇ ಇಲ್ಲ. ಪಾಸ್‌ವರ್ಡ್ ಮತ್ತು ಜಾಲದ ಹೆಸರು ಇವೆರಡನ್ನೂ ಸೇರಿಸಿ, 4096 ಸುತ್ತುಗಳ ಲೆಕ್ಕಾಚಾರದ ನಂತರ 256 ಬಿಟ್‌ಗಳ ಒಂದು ಮೂಲ ಕೀಲಿ ಸಿದ್ಧವಾಗುತ್ತದೆ. ಸಾಧನವು ಸಂಪರ್ಕಕ್ಕೆ ಬಂದಾಗ ಅದೂ ರೂಟರೂ ನಾಲ್ಕು ಸಂದೇಶಗಳನ್ನು ವಿನಿಮಯ ಮಾಡಿಕೊಳ್ಳುತ್ತವೆ. ಎರಡೂ ಕಡೆಯವರು ತಲಾ ಒಂದು ಯಾದೃಚ್ಛಿಕ ಸಂಖ್ಯೆಯನ್ನು ಕೊಟ್ಟು, ಮೂಲ ಕೀಲಿ ತಮ್ಮ ಬಳಿ ಇದೆಯೆಂಬುದನ್ನು ಅದನ್ನು ಹೇಳದೆಯೇ ಸಾಬೀತುಪಡಿಸುತ್ತಾರೆ. ವಿನ್ಯಾಸ ಅಚ್ಚುಕಟ್ಟಾದದ್ದೇ. ಆದರೆ ಈ ನಾಲ್ಕು ಸಂದೇಶಗಳನ್ನು ಹೊರಗಿನವರು ಹಿಡಿದಿಟ್ಟುಕೊಳ್ಳಬಹುದು, ಮತ್ತು ಹಿಡಿದಿಟ್ಟುಕೊಂಡ ಮೇಲೆ ನಿಮ್ಮ ರೂಟರ್‌ನ ಹತ್ತಿರವೂ ಸುಳಿಯದೆ, ತಮ್ಮ ಕೋಣೆಯಲ್ಲಿ ಕುಳಿತು ಒಂದಾದ ಮೇಲೊಂದು ಪಾಸ್‌ವರ್ಡ್ ಊಹಿಸಿ ತಾಳೆ ನೋಡುತ್ತಾ ಹೋಗಬಹುದು. ರೂಟರ್‌ಗೆ ಇದರ ಸುಳಿವೇ ಸಿಗುವುದಿಲ್ಲ. ‘ಮೂರು ಸಲ ತಪ್ಪಿದರೆ ಬೀಗ’ ಎಂಬ ಏರ್ಪಾಡಿಗೆ ಇಲ್ಲಿ ಅವಕಾಶವೇ ಇಲ್ಲ.

ಈಗ ಲೆಕ್ಕ ಹಾಕೋಣ. ಒಂದು ಸಾಮಾನ್ಯ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ 5 ಲಕ್ಷ ಊಹೆಗಳನ್ನು ಪರೀಕ್ಷಿಸುತ್ತದೆ ಎಂದಿಟ್ಟುಕೊಳ್ಳಿ. ಇಂದಿನ ಒಳ್ಳೆಯ ಕಾರ್ಡ್‌ಗಳು ಇದಕ್ಕಿಂತ ವೇಗವಾಗಿವೆ. ಎಂಟು ಅಂಕಿಗಳ ಎಲ್ಲ ಸಂಖ್ಯೆಗಳು ಸೇರಿ 10 ಕೋಟಿ. ಅವೆಲ್ಲವೂ 200 ಸೆಕೆಂಡುಗಳಲ್ಲಿ ಮುಗಿದುಹೋಗುತ್ತವೆ. ನಿಮ್ಮದು ದಿನಾಂಕವಾದ್ದರಿಂದ ಅಷ್ಟೂ ಬೇಕಿಲ್ಲ: ನೂರು ವರ್ಷಗಳಲ್ಲಿರುವ ದಿನಗಳು 36,525 ಮಾತ್ರ, ಅಂದರೆ ಒಂದು ಸೆಕೆಂಡಿನ ಸಣ್ಣ ಪಾಲು. ಹತ್ತು ಅಂಕಿಗಳ ಫೋನ್ ಸಂಖ್ಯೆಯನ್ನು ಇಟ್ಟರೆ ಸುಮಾರು ಐದೂವರೆ ಗಂಟೆ. ಅದೇ ಹನ್ನೆರಡು ಸಣ್ಣ ಅಕ್ಷರಗಳನ್ನು ನಿಜಕ್ಕೂ ಯಾದೃಚ್ಛಿಕವಾಗಿ ಆರಿಸಿದರೆ ಆ ಕಾರ್ಡ್‌ಗೆ ಆರು ಸಾವಿರ ವರ್ಷಗಳು ಬೇಕು.

ನೆನಪಿಡಲು ಸುಲಭವಾದದ್ದು ಬೇಕಾದರೆ 7,776 ಪದಗಳ ಪಟ್ಟಿಯಿಂದ ದಾಳವನ್ನು ಐದೈದು ಸಲ ಉರುಳಿಸಿ ಐದು ಪದಗಳನ್ನು ಆರಿಸಿಕೊಳ್ಳಿ. ಅದನ್ನು ಪೂರ್ತಿಯಾಗಿ ಹುಡುಕಲು ಇದೇ ವೇಗದಲ್ಲಿ ಹದಿನೆಂಟು ಲಕ್ಷ ವರ್ಷಗಳು ಹಿಡಿಯುತ್ತವೆ. ಪದಗಳನ್ನು ಮನಸ್ಸಿಗೆ ತೋಚಿದಂತೆ ಆರಿಸಬೇಡಿ. ನಮ್ಮ ಮನಸ್ಸಿಗೆ ತೋಚುವುದು ಇನ್ನೊಬ್ಬರ ಮನಸ್ಸಿಗೂ ತೋಚುತ್ತದೆ.

ಜಾಲದ ಹೆಸರೂ ಲೆಕ್ಕದಲ್ಲಿ ಸೇರುತ್ತದೆ ಎಂದೆನಲ್ಲ, ಅದಕ್ಕಾಗಿಯೇ ತಯಾರಕರು ಕೊಟ್ಟ ಸಾಮಾನ್ಯ ಹೆಸರನ್ನು ನೀವು ಬದಲಾಯಿಸಿದ್ದು ಒಳ್ಳೆಯದಾಯಿತು. ಬಹಳ ಮನೆಗಳಲ್ಲಿರುವ ಹೆಸರುಗಳಿಗೆ ಮೊದಲೇ ಲೆಕ್ಕ ಹಾಕಿಟ್ಟ ಕೋಷ್ಟಕಗಳಿವೆ.

ಕೇಳುಗ

ನಡುವೆ ಬಂದದ್ದಕ್ಕೆ ಕ್ಷಮಿಸಿ. ಪಾಸ್‌ವರ್ಡನ್ನು ಕನ್ನಡ ಲಿಪಿಯಲ್ಲಿಯೇ ಬರೆದರೆ ಊಹಿಸುವುದು ಇನ್ನೂ ಕಷ್ಟವಾಗುವುದಿಲ್ಲವೇ?

ಸಂಕೇತಾಭ್ಯಾಸಿ

ಒಳ್ಳೆಯ ಪ್ರಶ್ನೆ. ಆದರೆ ಡಬ್ಲ್ಯುಪಿಎ 2ರ ನಿಯಮದಂತೆ ಪಾಸ್‌ವರ್ಡ್ 8ರಿಂದ 63 ಆಸ್ಕಿ ಅಕ್ಷರಗಳಷ್ಟಿರಬೇಕು (ರೋಮನ್ ಅಕ್ಷರ, ಅಂಕಿ, ಚಿಹ್ನೆಗಳು). ಕನ್ನಡ ಲಿಪಿಯನ್ನು ಹೆಚ್ಚಿನ ರೂಟರ್‌ಗಳು ತೆಗೆದುಕೊಳ್ಳುವುದಿಲ್ಲ, ತೆಗೆದುಕೊಂಡರೂ ಎಲ್ಲ ಸಾಧನಗಳೂ ಅದನ್ನು ಒಂದೇ ರೀತಿ ಓದುತ್ತವೆಂಬ ಭರವಸೆಯಿಲ್ಲ. ಕನ್ನಡ ಪದಗಳನ್ನು ರೋಮನ್ ಅಕ್ಷರಗಳಲ್ಲಿ ಬರೆಯುವುದಕ್ಕೆ ಅಡ್ಡಿಯಿಲ್ಲ. ಗಾದೆ, ವಚನದ ಸಾಲು, ಹಾಡಿನ ಪಲ್ಲವಿ ಮಾತ್ರ ಬೇಡ. ಒಂದಕ್ಕೊಂದು ಸಂಬಂಧವಿಲ್ಲದ ಪದಗಳಿರಲಿ.

ಜಾಲನಿರ್ವಾಹಕ

ಮೇಲಿನ ವಿವರಣೆಗೆ ಎರಡು ಮಾತು ಸೇರಿಸುತ್ತೇನೆ.

ಟಿಕೆಐಪಿಯನ್ನು ತೆಗೆದುಹಾಕಿ, ಎಇಎಸ್ ಒಂದನ್ನೇ ಉಳಿಸಿ. 1997ರ ಮೂಲ ಮಾನದಂಡದಲ್ಲಿ ಬಂದ ಡಬ್ಲ್ಯುಇಪಿ ಎಂಬ ವಿಧಾನ ಆರ್‌ಸಿ4 ಗೂಢಲಿಪಿಯನ್ನು ಬಳಸುತ್ತಿತ್ತು, ಮತ್ತು ಪ್ರತಿ ಪ್ಯಾಕೆಟ್‌ಗೂ (ಮಾಹಿತಿಯ ತುಣುಕಿಗೂ) ಬದಲಾಗಬೇಕಿದ್ದ ಅದರ ಆರಂಭಿಕ ಮೌಲ್ಯಕ್ಕೆ ಕೇವಲ 24 ಬಿಟ್‌ಗಳಿದ್ದವು. ಅಂದರೆ 1,67,77,216 ಮೌಲ್ಯಗಳಾದ ಮೇಲೆ ಪುನರಾವರ್ತನೆ ತಪ್ಪದು. ಬಿಡುವಿಲ್ಲದ ಜಾಲದಲ್ಲಿ ಇದಕ್ಕೆ ಕೆಲವು ಗಂಟೆಗಳು ಸಾಕು. 2001ರಲ್ಲಿ ಫ್ಲೂರರ್, ಮ್ಯಾಂಟಿನ್ ಮತ್ತು ಶಮೀರ್ ಅವರು ಆರ್‌ಸಿ4 ಕೀಲಿಯನ್ನು ಸಜ್ಜುಗೊಳಿಸುವ ರೀತಿಯಲ್ಲೇ ದೋಷವಿದೆಯೆಂದು ತೋರಿಸಿದರು, 2007ರ ಹೊತ್ತಿಗೆ 104 ಬಿಟ್‌ಗಳ ಕೀಲಿ ಒಂದು ನಿಮಿಷದೊಳಗೆ ಕೈಗೆ ಸಿಗುವಂತಾಯಿತು. ಹಳೆಯ ಯಂತ್ರಾಂಶವನ್ನು ಎಸೆಯದೆ ತೇಪೆ ಹಾಕಲೆಂದು 2003ರಲ್ಲಿ ಬಂದದ್ದು ಟಿಕೆಐಪಿ. ಅದರ ಒಳಗಿರುವುದೂ ಅದೇ ಆರ್‌ಸಿ4. ಎಇಎಸ್ ಆಧಾರಿತ ಡಬ್ಲ್ಯುಪಿಎ 2 ಬಂದದ್ದು 2004ರಲ್ಲಿ. ಇಷ್ಟು ವರ್ಷಗಳ ನಂತರವೂ ತೇಪೆಯನ್ನು ಹಿಡಿದುಕೊಂಡಿರುವುದಕ್ಕೆ ಕಾರಣವಿಲ್ಲ. ಟಿಕೆಐಪಿಯಿಂದ ಸಂಪರ್ಕಗೊಂಡ ಸಾಧನ ಸೆಕೆಂಡಿಗೆ 54 ಮೆಗಾಬಿಟ್‌ಗಳ ಹಳೆಯ ವೇಗವನ್ನು ದಾಟಲಾರದು ಎಂಬುದೂ ತಿಳಿದಿರಲಿ.

ಡಬ್ಲ್ಯುಪಿಎಸ್ ಅನ್ನು ಇಂದೇ ನಿಲ್ಲಿಸಿ. ಅದರ ಪಿನ್ ಎಂಟು ಅಂಕಿಗಳದ್ದು, ಆದರೆ ಕೊನೆಯ ಅಂಕಿ ಉಳಿದವುಗಳಿಂದ ಲೆಕ್ಕ ಹಾಕಿದ್ದು. ರೂಟರ್ ಮೊದಲ ನಾಲ್ಕು ಅಂಕಿಗಳು ಸರಿಯೋ ತಪ್ಪೋ ಎಂಬುದನ್ನು ಬೇರೆಯಾಗಿಯೇ ತಿಳಿಸಿಬಿಡುತ್ತದೆ. ಹೀಗಾಗಿ ಕೋಟಿ ಪ್ರಯತ್ನಗಳು ಬೇಕಾಗಬೇಕಿದ್ದಲ್ಲಿ 10,000 ಮತ್ತು 1,000 ಸೇರಿ 11,000 ಪ್ರಯತ್ನಗಳು ಸಾಕಾಗುತ್ತವೆ. ಇದು 2011ರ ಡಿಸೆಂಬರ್‌ನಿಂದ ಜಗತ್ತಿಗೆ ತಿಳಿದಿರುವ ವಿಷಯ. ಐದು ಪದಗಳ ಪಾಸ್‌ವರ್ಡ್ ಇಟ್ಟು ಡಬ್ಲ್ಯುಪಿಎಸ್ ಪಿನ್ ಅನ್ನು ಬಿಟ್ಟರೆ, ಮುಂಬಾಗಿಲಿಗೆ ಉಕ್ಕಿನ ಬೀಗ ಹಾಕಿ ಹಿತ್ತಲ ಬಾಗಿಲಿಗೆ ದಾರ ಕಟ್ಟಿದಂತೆ.

ಹಳೆಯ ಓದುಗ

ಇಲ್ಲಿ ಎಲ್ಲರೂ ಬಹಳ ಶ್ರದ್ಧೆಯಿಂದ ಬರೆಯುತ್ತಿದ್ದೀರಿ, ಆದರೂ ನನ್ನ ಸಂದೇಹವನ್ನು ಮುಂದಿಡುತ್ತೇನೆ. ಒಂದು ಸಾಮಾನ್ಯ ಮನೆಯ ಹೊರಗೆ ಕುಳಿತು ಸಂದೇಶಗಳನ್ನು ಹಿಡಿದು ಊಹಿಸುವಷ್ಟು ಶ್ರಮವನ್ನು ಯಾರು ಪಡುತ್ತಾರೆ? ಅಲ್ಲದೆ 2017ರಲ್ಲಿಯೇ ಡಬ್ಲ್ಯುಪಿಎ 2 ಮುರಿದುಬಿತ್ತೆಂದು ಓದಿದ್ದೇನೆ. ಮುರಿದ ಮೇಲೆ ಉದ್ದದ ಪಾಸ್‌ವರ್ಡ್‌ನಿಂದ ಪ್ರಯೋಜನವೇನು?

ಸಂಕೇತಾಭ್ಯಾಸಿ

ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಆ ತಪ್ಪು ತಿಳಿವಳಿಕೆ ಬಹಳ ಹರಡಿದೆ.

2017ರ ಅಕ್ಟೋಬರ್‌ನಲ್ಲಿ ಬೆಲ್ಜಿಯಂನ ಲೂವೆನ್ ವಿಶ್ವವಿದ್ಯಾಲಯದ ಮ್ಯಾಥಿ ವಾನ್‌ಹೋಫ್ ಮತ್ತು ಫ್ರಾಂಕ್ ಪೀಸೆನ್ಸ್ ಅವರು ಪ್ರಕಟಿಸಿದ ‘ಕ್ರ್ಯಾಕ್’ ದಾಳಿ ಪಾಸ್‌ವರ್ಡನ್ನು ಬಯಲು ಮಾಡಲಿಲ್ಲ. ನಾನು ಮೇಲೆ ಹೇಳಿದ ನಾಲ್ಕು ಸಂದೇಶಗಳಲ್ಲಿ ನಾಲ್ಕನೆಯದನ್ನು ತಡೆದು ಮೂರನೆಯದು ಮತ್ತೆ ತಲುಪುವಂತೆ ಮಾಡಿದರೆ, ಸಾಧನವು ಈಗಾಗಲೇ ಬಳಸುತ್ತಿರುವ ಕೀಲಿಯನ್ನೇ ಮತ್ತೊಮ್ಮೆ ಸ್ಥಾಪಿಸಿಕೊಂಡು, ಪ್ಯಾಕೆಟ್‌ಗಳ ಎಣಿಕೆಯನ್ನು ಮೊದಲಿನಿಂದ ಆರಂಭಿಸುತ್ತಿತ್ತು. ಒಂದೇ ಎಣಿಕೆ, ಒಂದೇ ಕೀಲಿ ಎರಡು ಸಲ ಬಳಕೆಯಾದಾಗ ಗೂಢಲಿಪಿ ಸಡಿಲವಾಗುತ್ತದೆ. ಆಂಡ್ರಾಯ್ಡ್ 6.0ರಂಥ ಕೆಲವು ಸಾಧನಗಳಲ್ಲಿ ಕೀಲಿಯ ಜಾಗದಲ್ಲಿ ಬರೀ ಸೊನ್ನೆಗಳೇ ಕುಳಿತುಬಿಡುತ್ತಿದ್ದುದು ಅತ್ಯಂತ ಗಂಭೀರವಾಗಿತ್ತು. ಆದರೆ ಪರಿಹಾರ ಸರಳ: ಸ್ಥಾಪಿಸಿದ ಕೀಲಿಯನ್ನು ಮತ್ತೆ ಸ್ಥಾಪಿಸಬಾರದು. ಅದು ತಂತ್ರಾಂಶದ ಅಪ್‌ಡೇಟ್‌ನಿಂದ ಆಗುವ ಕೆಲಸ. ಹೊಸ ವಿಧಾನವೇ ಬೇಕಾಗಲಿಲ್ಲ.

ಆದ್ದರಿಂದ ಕ್ರ್ಯಾಕ್‌ನಿಂದ ಕಲಿಯಬೇಕಾದದ್ದು ಸಾಧನಗಳ ಬಗ್ಗೆ. ದೋಷ ಮುಖ್ಯವಾಗಿ ಇದ್ದದ್ದು ಫೋನ್, ಲ್ಯಾಪ್‌ಟಾಪ್‌ಗಳ ಕಡೆ. 2021ರಲ್ಲಿ ವಾನ್‌ಹೋಫ್ ಅವರೇ ಪ್ರಕಟಿಸಿದ ‘ಫ್ರ್ಯಾಗ್ ಅಟ್ಯಾಕ್ಸ್’ ಎಂಬ ದೋಷಗಳಲ್ಲಿ ಕೆಲವು 1997ರಿಂದಲೂ ವಿನ್ಯಾಸದಲ್ಲಿಯೇ ಅಡಗಿದ್ದವು. ಅಪ್‌ಡೇಟ್ ನಿಂತುಹೋದ ಸಾಧನ ಇವೆಲ್ಲವನ್ನೂ ಹೊತ್ತುಕೊಂಡೇ ಇರುತ್ತದೆ. ನಾಲ್ಕು ವರ್ಷದ ಫರ್ಮ್‌ವೇರ್ ನನ್ನನ್ನು ಚಿಂತೆಗೀಡುಮಾಡುವುದು ಈ ಕಾರಣಕ್ಕೆ.

ಜಾಲನಿರ್ವಾಹಕ

‘ಯಾರು ಶ್ರಮ ಪಡುತ್ತಾರೆ’ ಎಂಬ ಪ್ರಶ್ನೆಗೆ ನನ್ನ ಉತ್ತರ.

ನಿಮ್ಮನ್ನೇ ಗುರಿಯಾಗಿಸಿ ಯಾರೂ ಬರಬೇಕಿಲ್ಲ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಲಕ್ಷಾಂತರ ಕ್ಯಾಮೆರಾ, ರೂಟರ್‌ಗಳನ್ನು ವಶಪಡಿಸಿಕೊಂಡದ್ದು ಕಾರ್ಖಾನೆಯಲ್ಲಿ ಇಟ್ಟಿದ್ದ ಹೆಸರು, ಪಾಸ್‌ವರ್ಡ್‌ಗಳನ್ನು ಯಂತ್ರದಿಂದಲೇ ಪ್ರಯತ್ನಿಸುತ್ತಾ. ಅದರ ಮಾಲೀಕರು ಯಾರೆಂಬುದರ ಬಗ್ಗೆ ಅದಕ್ಕೆ ಆಸಕ್ತಿಯೇ ಇರಲಿಲ್ಲ. ಆದ್ದರಿಂದ ವೈ-ಫೈ ಪಾಸ್‌ವರ್ಡ್ ಮಾತ್ರವಲ್ಲ, ರೂಟರ್‌ನ ಆಡಳಿತ ಪುಟದ ಪಾಸ್‌ವರ್ಡನ್ನೂ ಬದಲಾಯಿಸಬೇಕು. ಹೊರಗಿನ ಅಂತರ್ಜಾಲದಿಂದ ಆ ಪುಟ ತೆರೆಯದಂತೆ ಮಾಡಬೇಕು. ಆ ಪುಟ ಇನ್ನೊಬ್ಬರ ಕೈಗೆ ಸಿಕ್ಕರೆ ಡಿಎನ್‌ಎಸ್ (ಜಾಲತಾಣದ ಹೆಸರಿನಿಂದ ಅದರ ವಿಳಾಸವನ್ನು ಹುಡುಕಿಕೊಡುವ ಸೇವೆ) ವಿಳಾಸವನ್ನು ಬದಲಾಯಿಸಿ, ಮನೆಯವರೆಲ್ಲರ ದಾರಿಯನ್ನೂ ತಮಗೆ ಬೇಕಾದ ಕಡೆಗೆ ತಿರುಗಿಸಬಹುದು.

ಇನ್ನೊಂದು ಮಾತಿದೆ, ಅದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಡಬ್ಲ್ಯುಪಿಎ 2ರ ಮನೆಬಳಕೆಯ ವಿಧಾನದಲ್ಲಿ ಪಾಸ್‌ವರ್ಡ್ ಗೊತ್ತಿದ್ದು, ಸಂಪರ್ಕದ ಸಮಯದ ನಾಲ್ಕು ಸಂದೇಶಗಳನ್ನೂ ಹಿಡಿದಿಟ್ಟುಕೊಂಡವರು ಆ ಸಾಧನದ ಕೀಲಿಯನ್ನು ತಾವೇ ಲೆಕ್ಕ ಹಾಕಿ ವೈ-ಫೈನ ಗೂಢಲಿಪಿಯನ್ನು ಬಿಡಿಸಬಲ್ಲರು. ಅಂದರೆ ಮನೆಗೆ ಬಂದುಹೋದ ಪ್ರತಿಯೊಬ್ಬರಿಗೂ ನೀವು ಕೊಟ್ಟದ್ದು ಅಂತರ್ಜಾಲದ ಸೌಕರ್ಯ ಮಾತ್ರವಲ್ಲ, ಕೇಳಿಸಿಕೊಳ್ಳುವ ಅಧಿಕಾರವೂ ಹೌದು. ಲೆಕ್ಕಪತ್ರದ ಕೆಲಸ ಮಾಡುವ ನಿಮಗೆ ಇದು ಮುಖ್ಯ. ಆ ಎಂಟು ಅಂಕಿಗಳನ್ನು ಇದುವರೆಗೆ ಎಷ್ಟು ಜನರಿಗೆ ಹೇಳಿದ್ದೀರೆಂದು ಎಣಿಸಿ ನೋಡಿ.

2018ರಲ್ಲಿ ಬಂದ ಡಬ್ಲ್ಯುಪಿಎ 3 ಈ ಎರಡೂ ಕೊರತೆಗಳನ್ನು ತುಂಬುತ್ತದೆ. ಅದರಲ್ಲಿ ಹಿಡಿದಿಟ್ಟ ಸಂದೇಶಗಳಿಂದ ಊಹಿಸುವುದು ಸಾಧ್ಯವಿಲ್ಲ. ಒಂದೊಂದು ಊಹೆಗೂ ರೂಟರ್‌ನ ಮುಂದೆಯೇ ನಿಲ್ಲಬೇಕು. ನಾಳೆ ಪಾಸ್‌ವರ್ಡ್ ತಿಳಿದರೂ ಇಂದು ಹಿಡಿದಿಟ್ಟದ್ದನ್ನು ಬಿಡಿಸಲಾಗದು. ಸಂಪರ್ಕ ಕಡಿಯುವ ಸುಳ್ಳು ಆದೇಶಗಳನ್ನು ತಡೆಯುವ ರಕ್ಷಣೆಯೂ ಅದರಲ್ಲಿ ಕಡ್ಡಾಯ. 2019ರಲ್ಲಿ ಅದರ ಅಳವಡಿಕೆಯಲ್ಲಿಯೂ ‘ಡ್ರ್ಯಾಗನ್‌ಬ್ಲಡ್’ ಎಂಬ ದೋಷಗಳು ಕಂಡುಬಂದವು, ಅವನ್ನು ಸರಿಪಡಿಸಲಾಯಿತು. ಆದರೂ ಡಬ್ಲ್ಯುಪಿಎ 2ಕ್ಕಿಂತ ಅದು ಮೇಲು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಕಚೇರಿಯವರು

ನಮ್ಮದು ಇಪ್ಪತ್ತು ಜನರ ಕಚೇರಿ. ಎಲ್ಲರಿಗೂ ಒಂದೇ ಪಾಸ್‌ವರ್ಡ್. ಯಾರಾದರೂ ಕೆಲಸ ಬಿಟ್ಟಾಗ ಬದಲಾಯಿಸಬೇಕೆಂದುಕೊಳ್ಳುತ್ತೇವೆ, ಇಪ್ಪತ್ತು ಜನರಿಗೆ ಮತ್ತೆ ಹಂಚುವ ತೊಂದರೆ ನೆನೆದು ಸುಮ್ಮನಾಗುತ್ತೇವೆ. ಮೇಲಿನದನ್ನು ಓದಿದ ಮೇಲೆ ಸುಮ್ಮನಿರಲಾಗುತ್ತಿಲ್ಲ.

ಜಾಲನಿರ್ವಾಹಕ

ನಿಮಗೆ ಬೇಕಾದದ್ದು ‘ಎಂಟರ್‌ಪ್ರೈಸ್’ ವಿಧಾನ. ಅದರಲ್ಲಿ ಬಳಕೆದಾರರ ಗುರುತನ್ನು ಪರಿಶೀಲಿಸುವ ರೇಡಿಯಸ್ ಸರ್ವರ್ ಒಂದಿದ್ದು, ಪ್ರತಿಯೊಬ್ಬರಿಗೂ ಅವರದೇ ಗುರುತು ಇರುತ್ತದೆ. ಒಬ್ಬರು ಬಿಟ್ಟುಹೋದರೆ ಅವರ ಖಾತೆಯನ್ನು ಮುಚ್ಚಿದರಾಯಿತು.

ಒಂದೇ ಒಂದು ಎಚ್ಚರಿಕೆ. ಹೆಸರು ಮತ್ತು ಪಾಸ್‌ವರ್ಡ್ ಕೇಳುವ ಬಗೆಯನ್ನು ಆರಿಸಿಕೊಂಡರೆ, ಪ್ರತಿ ಸಾಧನವೂ ಸರ್ವರ್‌ನ ಪ್ರಮಾಣಪತ್ರವನ್ನು (ಅದು ಅಸಲಿಯೆಂದು ತೋರಿಸುವ ಡಿಜಿಟಲ್ ಗುರುತು) ಪರಿಶೀಲಿಸುವಂತೆ ನೀವೇ ಹೊಂದಿಸಿಕೊಡಬೇಕು. ‘ಪರಿಶೀಲನೆ ಬೇಡ’ ಎಂದು ಬಿಟ್ಟರೆ ನಿಮ್ಮ ಜಾಲದ ಹೆಸರನ್ನೇ ಇಟ್ಟುಕೊಂಡ ನಕಲಿ ರೂಟರ್ ಸಿಬ್ಬಂದಿಯ ಗುರುತನ್ನು ಬೇಡಿ ಪಡೆಯುತ್ತದೆ. ಪಾಸ್‌ವರ್ಡ್ ಪರಿಶೀಲಿಸಲು ಅಲ್ಲಿ ಸಾಮಾನ್ಯವಾಗಿ ಬಳಸುವ ಎಂಎಸ್-ಚಾಪ್ 2 ವಿಧಾನವನ್ನು ಭೇದಿಸುವುದು ಡಿಇಎಸ್ ಎಂಬ ಹಳೆಯ ಗೂಢಲಿಪಿಯ 56 ಬಿಟ್‌ಗಳ ಒಂದು ಕೀಲಿಯನ್ನು ಹುಡುಕುವಷ್ಟೇ ಸುಲಭ ಎಂದು 2012ರಲ್ಲಿಯೇ ತೋರಿಸಲಾಗಿದೆ. ಸಾಧ್ಯವಾದರೆ ಪಾಸ್‌ವರ್ಡ್ ಬಿಟ್ಟು ಪ್ರತಿ ಸಾಧನಕ್ಕೂ ಪ್ರಮಾಣಪತ್ರ ಕೊಡುವ ಇಎಪಿ-ಟಿಎಲ್‌ಎಸ್ ವಿಧಾನವನ್ನೇ ಆರಿಸಿಕೊಳ್ಳಿ. ಆರಂಭದಲ್ಲಿ ಶ್ರಮ ಹೆಚ್ಚು, ಆಮೇಲೆ ನಿಶ್ಚಿಂತೆ.

ಮನೆಜಾಲ

ಎಲ್ಲರಿಗೂ ಕೃತಜ್ಞತೆಗಳು. ಫರ್ಮ್‌ವೇರ್ ಅಪ್‌ಡೇಟ್ ಮಾಡಿದೆ; ಅದರೊಂದಿಗೆ ಡಬ್ಲ್ಯುಪಿಎ 3 ಆಯ್ಕೆಯೂ ಬಂದಿತು. ದಾಳ ಉರುಳಿಸಿ ಐದು ಪದಗಳನ್ನು ಆರಿಸಿಕೊಂಡೆ. ಡಬ್ಲ್ಯುಪಿಎಸ್, ಟಿಕೆಐಪಿ ಎರಡೂ ಹೋದವು. ಆಡಳಿತ ಪುಟದ ಪಾಸ್‌ವರ್ಡ್ ಬದಲಾಯಿತು, ಜಾಲದ ಹೆಸರು ಮತ್ತೆ ಎಲ್ಲರಿಗೂ ಕಾಣುತ್ತಿದೆ, ಅಮ್ಮನ ಫೋನ್ ಒಳಗೆ ಬಂದಿದೆ. ಹಳೆಯ ಪಾಸ್‌ವರ್ಡ್ ಎಷ್ಟು ಜನರಿಗೆ ಗೊತ್ತಿತ್ತೆಂದು ಎಣಿಸಲು ಕುಳಿತೆ. ಹದಿನೇಳರ ನಂತರ ನೆನಪಾಗಲಿಲ್ಲ. ಅತಿಥಿಗಳಿಗೆಂದು ಬೇರೆ ಜಾಲವನ್ನು ತೆರೆದಿದ್ದೇನೆ.

ಒಂದು ತೊಡಕು ಉಳಿದಿದೆ. ನನ್ನ ಹಳೆಯ ಪ್ರಿಂಟರ್‌ಗೆ ಡಬ್ಲ್ಯುಪಿಎ 2 ಮಾತ್ರ ತಿಳಿದಿದೆ. ಅದನ್ನು ಅತಿಥಿ ಜಾಲಕ್ಕೆ ಹಾಕಿದರೆ ಲ್ಯಾಪ್‌ಟಾಪ್‌ಗೆ ಕಾಣುವುದಿಲ್ಲ. ಅದಕ್ಕಾಗಿ ಎಲ್ಲವನ್ನೂ ಮತ್ತೆ ಮಿಶ್ರ ವಿಧಾನಕ್ಕೆ ಇಳಿಸಬೇಕೇ?

ಸಂಕೇತಾಭ್ಯಾಸಿ

ಅತಿಥಿ ಜಾಲ ಮುಖ್ಯ ಜಾಲದಿಂದ ಬೇರ್ಪಟ್ಟಿರುವುದರಿಂದಲೇ ಪ್ರಿಂಟರ್ ಕಾಣುತ್ತಿಲ್ಲ. ಆ ಬೇರ್ಪಡೆಯನ್ನು ತೆಗೆಯಬೇಡಿ. ಮಿಶ್ರ ವಿಧಾನದಲ್ಲಿ ಒಂದು ಅಪಾಯವಿದೆ: ನಕಲಿ ರೂಟರ್ ಡಬ್ಲ್ಯುಪಿಎ 2 ಮಾತ್ರ ಇದೆಯೆಂದು ಹೇಳಿ ಹೊಸ ಫೋನನ್ನೂ ಕೆಳಗಿಳಿಸಬಹುದು, ಆಗ ಊಹಿಸುವ ದಾಳಿ ಮತ್ತೆ ಸಾಧ್ಯವಾಗುತ್ತದೆ. ಐದು ಯಾದೃಚ್ಛಿಕ ಪದಗಳಿರುವುದರಿಂದ ಆ ಊಹೆ ಫಲಿಸಲಾರದು, ಹಾಗಾಗಿ ಬೇರೆ ದಾರಿಯೇ ಇಲ್ಲದಿದ್ದರೆ ಮಿಶ್ರ ವಿಧಾನಕ್ಕೆ ಹೆದರಬೇಕಿಲ್ಲ. ಆದರೆ ನಿಮ್ಮ ಪ್ರಿಂಟರ್‌ನ ಹಿಂಬದಿಯಲ್ಲಿ ಕೇಬಲ್ ಜೋಡಿಸುವ ಕಿಂಡಿ ಇದೆಯೇ ನೋಡಿ.

ಮನೆಜಾಲ

ಇದೆ. ರೂಟರ್‌ಗೆ ಕೇಬಲ್ ಎಳೆದು ಪ್ರಿಂಟರ್‌ನ ವೈ-ಫೈ ನಿಲ್ಲಿಸಿದೆ. ಈಗ ಮುದ್ರಣವಾಗುತ್ತಿದೆ, ಮುಖ್ಯ ಜಾಲ ಡಬ್ಲ್ಯುಪಿಎ 3ರಲ್ಲಿಯೇ ಇದೆ.